ಸ್ಟೆಪ್ನಿಗೂ ಬ್ರೇಕ್ ಕಂಡ ನಿರೀಕ್ಷಕರಿಗೆ

ಮೋಟಾರು ವಾಹನ ನಿರೀಕ್ಷಕರೇ,

ನಮ್ಮ ಚಿಕ್ಕಮ್ಮನ ಜೀಪು ಮೂವತ್ತೆಂಟು ದಿನಗಳಿಂದ ನಿಮ್ಮ ಕಚೇರಿಯ ಹಿಂದಿನ ಬಯಲಿನಲ್ಲಿ ನಿಂತಿದೆ. ಅದರ ‘ಐದು ಬ್ರೇಕ್ ಡಿಸ್ಕ್‌ಗಳನ್ನು ಅನುಮತಿಯಿಲ್ಲದೆ ಬದಲಾಯಿಸಲಾಗಿದೆ’ ಎಂದು ನೀವು ಬರೆದ ವರದಿಯೇ ಇದಕ್ಕೆ ಕಾರಣ. ಜೀಪು ಓಡುವುದು ನಾಲ್ಕು ಚಕ್ರಗಳ ಮೇಲೆ. ಐದನೆಯದು ಹಿಂಬಾಗಿಲಿಗೆ ನಟ್ಟು ಬಿಗಿದು ನೇತುಹಾಕಿರುವ ಸ್ಟೆಪ್ನಿ. ಅದು ತಿರುಗುವುದಿಲ್ಲ. ತಿರುಗದ ಚಕ್ರವನ್ನು ನಿಲ್ಲಿಸುವ ಬ್ರೇಕನ್ನು ಕಂಡವರು ನಮ್ಮ ಸೀಮೆಯಲ್ಲಿ ನೀವೊಬ್ಬರೇ. ಇಂಥ ಪತ್ರಗಳನ್ನು ‘ಮಾನ್ಯರೇ’ ಎಂದು ಶುರು ಮಾಡಬೇಕೆಂಬುದು ನನಗೂ ಗೊತ್ತು. ಆ ಪದವನ್ನು ಸದ್ಯಕ್ಕೆ ಜಪ್ತಿ ಮಾಡಿ ಇಟ್ಟುಕೊಂಡಿದ್ದೇನೆ. ದಾಖಲೆ ಸರಿಹೋದ ಮೇಲೆ ಬಿಡುಗಡೆ ಮಾಡುವ ಬಗ್ಗೆ ಯೋಚಿಸುತ್ತೇನೆ.

ನಿಮಗೆ ಗೊತ್ತಿಲ್ಲದ, ನಮ್ಮ ಕಡೆ ಮಿಕ್ಕವರಿಗೆಲ್ಲ ಗೊತ್ತಿರುವ ಸಂಗತಿಯಿಂದ ಆರಂಭಿಸುತ್ತೇನೆ. ಚಿಕ್ಕಮ್ಮ ಮಹಿಮಾ ಪಶುವೈದ್ಯೆ. ಮಾದಿಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಆಸ್ಪತ್ರೆ. ಆದರೆ ಕಷ್ಟದಲ್ಲಿರುವ ಹಸು ನಡೆದು ಆಸ್ಪತ್ರೆಗೆ ಬರುವುದಿಲ್ಲ, ಡಾಕ್ಟರೇ ಅದರ ಕೊಟ್ಟಿಗೆಗೆ ಹೋಗಬೇಕು. ಹಳೇಬೀಡಿನ ಸುತ್ತಲಿನ ಹಳ್ಳಿಗಳು, ಹಳ್ಳಿಯಿಂದಾಚೆಯ ತೋಟದ ಮನೆಗಳು, ಕೆರೆ ಏರಿಯ ಕೆಳಗಿನ ಗದ್ದೆಬಯಲು, ಇವೇ ಅವರ ದಿನದ ಹಾದಿ. ಅದಕ್ಕಾಗಿ ಎರಡು ವರ್ಷದ ಹಿಂದೆ, ಕೆಸರಿನಲ್ಲಿ ನಾಲ್ಕೂ ಚಕ್ರ ಎಳೆಯುವಂಥ ಒಂದು ಹಳೆಯ ಜೀಪು ಕೊಂಡರು. ಅದರ ಹಿಂದಿನ ಮಾಲೀಕರು ಬೇಲೂರಿನ ಶೋಕಿ ಮನುಷ್ಯ. ಕಂಪನಿ ಕೊಟ್ಟ ಕಪ್ಪು ಸ್ಟೀಲ್ ಚಕ್ರಗಳನ್ನು ಬಿಚ್ಚಿಸಿ, ಯಾವುದೋ ಅಂಗಡಿಯ ಫಳಫಳ ಹೊಳೆಯುವ ಅಲಾಯ್ ಚಕ್ರ ಹಾಕಿಸಿದ್ದರು. ಜೀಪು ಚಿಕ್ಕಮ್ಮನ ಹೆಸರಿಗೆ ವರ್ಗವಾಗುವಾಗ ನಿಮ್ಮ ಕಚೇರಿಯೇ ಅದನ್ನು ಸುತ್ತು ಹಾಕಿ ನೋಡಿ ಒಪ್ಪಿತ್ತು. ಕಂಪನಿಯದಲ್ಲದ ಆ ಚಕ್ರಗಳು ಅಂದು ಯಾರ ಕಣ್ಣಿಗೂ ಬೀಳಲಿಲ್ಲ. ಹೊಳೆಯುವುದಕ್ಕೆ ಅನುಮತಿ ಬೇಡವೆಂದು ಕಾಣುತ್ತದೆ.

ಕಳೆದ ಮಳೆಗಾಲದಲ್ಲಿ ಎರಡು ಅಲಾಯ್ ಚಕ್ರ ಸೀಳಿದವು. ಕಲ್ಲಿಗೆ ಬಡಿದರೆ ಅಲಾಯ್ ಬಿರಿಯುತ್ತದೆ, ಸ್ಟೀಲ್ ಬಗ್ಗುತ್ತದೆ; ಬಗ್ಗಿದ್ದನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡಿಕೊಂಡು ಮನೆ ಸೇರಬಹುದು. ಇದನ್ನು ನಮಗೆ ಹೇಳಿಕೊಟ್ಟವರು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಗಳ ಪಕ್ಕ ಟೈರ್ ಅಂಗಡಿ ಇಟ್ಟಿರುವ ಮರಿಯಣ್ಣ. ಒಡೆದ ಚಕ್ರವನ್ನು ನೆಲದ ಮೇಲೆ ಉರುಳಿಸಿ ನೋಡಿ ಅವರು ನಕ್ಕರು.

“ಡಾಕ್ಟ್ರಮ್ಮ, ಇದು ಮದ್ವೆಗಂಡು ಹಾಕ್ಕಳೋ ಚಪ್ಲಿ ಕಣ್ರೀ. ನೋಡಕ್ಕೆ ಚೆಂದಾಗೈತೆ. ಇದ್ನ ಮೆಟ್ಕಂಡು ಗದ್ದೆ ಬದೀಗೆ ಯಾರಾದ್ರೂ ಹೋಗ್ತಾರಾ?”

“ಮತ್ತೆ ಏನ್ ಮಾಡೋದು ಮರಿಯಣ್ಣ?”

“ಕಂಪ್ನಿ ಡಿಸ್ಕೇ ಹುಡುಕ್ಕೊಡ್ತೀನಿ. ಐದೂ ಹಾಕ್ಸಿ. ಟೈರು ಒಂದ್ ಸೈಜು ಮೇಲಕ್ಕೆ ಹೋಗನ. ಆಮ್ಯಾಕೆ ನೀವುಂಟು, ನಿಮ್ ಹಸ ಉಂಟು.”

ಇಲ್ಲಿ ಒಂದು ಪದದ ಅರ್ಥ ಹೇಳಬೇಕು. ಈ ಪತ್ರ ನಿಂತಿರುವುದೇ ಅದರ ಮೇಲೆ. ನಮ್ಮ ಕಡೆ ಟೈರು ಕೂರುವ ಕಬ್ಬಿಣದ ಚಕ್ರಕ್ಕೆ ಡಿಸ್ಕ್ ಎನ್ನುತ್ತಾರೆ. ಅರಸೀಕೆರೆಯಲ್ಲಾಗಲಿ ಬೇಲೂರಿನಲ್ಲಾಗಲಿ ಪಂಕ್ಚರ್ ಅಂಗಡಿಗೆ ಹೋಗಿ ‘ಡಿಸ್ಕ್ ಬೆಂಡಾಗಿದೆ’ ಎಂದರೆ ಯಾರೂ ಬ್ರೇಕಿನ ಕಡೆ ತಿರುಗಿ ನೋಡುವುದಿಲ್ಲ. ಮರಿಯಣ್ಣ ಹುಡುಕಿಕೊಟ್ಟದ್ದು ಅದೇ ಮಾದರಿಯ ಜೀಪಿನ ಐದು ಸ್ಟೀಲ್ ಡಿಸ್ಕ್‌ಗಳನ್ನು. ಅವನ್ನೂ ಇನ್ನೊಬ್ಬ ಶೋಕಿ ಮನುಷ್ಯ ಹೊಸ ಗಾಡಿಯಿಂದ ಬಿಚ್ಚಿಸಿ ಅಂಗಡಿಯಲ್ಲಿ ಬಿಟ್ಟುಹೋಗಿದ್ದನಂತೆ. ಜೀಪಿನ ಕೈಪಿಡಿಯಲ್ಲಿ ಎರಡು ಅಳತೆಯ ಟೈರುಗಳನ್ನು ಮುದ್ರಿಸಿದ್ದಾರೆ. ದೊಡ್ಡ ಅಳತೆಯದನ್ನು ಹಾಕಿಸಿದೆವು. ಮರಿಯಣ್ಣ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮಂಡಿಯೂರಿ, ಟೈರು ಎಲ್ಲಾದರೂ ಉಜ್ಜುತ್ತದೆಯೇ ಎಂದು ಕೈ ತೂರಿಸಿ ನೋಡಿದರು. ಜೀಪಿನ ಹೊಟ್ಟೆ ಮೊದಲಿಗಿಂತ ಒಂದು ಬೆರಳಿನಗಲ ಮೇಲೆದ್ದಿತು, ಅಷ್ಟೇ. ಟೈರು ದೊಡ್ಡದಾದರೆ ವೇಗದ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಚಿಕ್ಕಮ್ಮ ಮೊಬೈಲಿನಲ್ಲಿ ವೇಗ ತಾಳೆ ನೋಡಿ, ‘ಮೀಟರ್ 60 ಎಂದರೆ ನಿಜ 63’ ಎಂದು ಚೀಟಿ ಬರೆದು ಮೀಟರಿನ ಕೆಳಗೆ ಅಂಟಿಸಿದರು. ಮೂರು ಕಿಲೋಮೀಟರಿನ ಸುಳ್ಳನ್ನೂ ಚೀಟಿ ಅಂಟಿಸಿ ಒಪ್ಪಿಕೊಳ್ಳುವ ಹೆಂಗಸು ಅವರು. ನಿಮ್ಮ ಇಲಾಖೆ ಗುಟ್ಟಾಗಿ ಗಾಡಿ ಬದಲಾಯಿಸಿದವರೆಂದು ಬರೆದದ್ದು ಇಂಥವರನ್ನು.

ಕಳೆದ ತಿಂಗಳು ಏಳನೇ ತಾರೀಕು, ಬೇಲೂರು ಹಳೇಬೀಡು ರಸ್ತೆ. ನಮ್ಮ ಜೀಪು ತಡೆದ ನೀವು ಇಲಾಖೆಯ ಗಾಡಿಯಿಂದ ಇಳಿಯಲಿಲ್ಲ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಯಾರದೋ ಗೃಹಪ್ರವೇಶದ ಊಟದ ಬಗ್ಗೆ ಮಾತಾಡುತ್ತಿದ್ದಿರಿ. ಹೋಳಿಗೆ ಚೆನ್ನಾಗಿತ್ತು, ಪಲಾವ್ ಅಷ್ಟಕ್ಕಷ್ಟೆ ಎಂಬ ನಿಮ್ಮ ಅಭಿಪ್ರಾಯ ನನಗೆ ಇನ್ನೂ ನೆನಪಿದೆ. ಚಿಕ್ಕಮ್ಮ ಕಿಟಕಿಯ ಹತ್ತಿರ ಬಂದು ನಿಂತರು.

“ಏನ್ರೀ ಇದು, ಇಷ್ಟು ದಪ್ಪ ಟೈರು? ರೇಸಿಗೆ ಹೋಗ್ತೀರಾ?”

“ಇಲ್ಲ ಸಾರ್, ಹಸು ನೋಡಕ್ಕೆ. ನಾನು ಡಾಕ್ಟ್ರು.”

“ಹಸು ಏನು ಓಡೋಗುತ್ತಾ? ಏನೇನು ಚೇಂಜ್ ಮಾಡ್ಸಿದ್ದೀರಿ, ಬೇಗ ಹೇಳಿ.”

“ಐದೂ ಡಿಸ್ಕ್ ಚೇಂಜ್ ಮಾಡ್ಸಿದ್ದೀನಿ ಸಾರ್. ಎಲ್ಲಾ ಕಂಪ್ನಿದೇ.”

ನೀವು ತೊಡೆಯ ಮೇಲಿನ ಹಲಗೆಗೆ ಕಾಗದ ಇಟ್ಟುಕೊಂಡು ಬರೆದಿರಿ. ಚಿಕ್ಕಮ್ಮನ ಹಿಂದೆ ನಿಂತಿದ್ದ ನನಗೆ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ನನಗೆ ಜನರ ಮುಖ ನೋಡಿ ಮಾತಾಡುವುದು ಕಷ್ಟ; ಹಾಗಾಗಿ ಅವರ ಕೈ, ಬರಹ, ಚಪ್ಪಲಿ ನೋಡುವ ಅಭ್ಯಾಸ. ‘ಐದು’ ಮತ್ತು ‘ಡಿಸ್ಕ್’ ಎಂಬ ಎರಡು ಪದಗಳ ನಡುವೆ ನೀವು ‘ಬ್ರೇಕ್’ ಎಂಬ ಮೂರನೆಯ ಪದ ಸೇರಿಸಿದ್ದನ್ನು ನಾನು ಕಂಡೆ. ಅದು ತಪ್ಪೆಂದು ಆ ಕ್ಷಣವೇ ಗೊತ್ತಾಯಿತು. ಅಧಿಕಾರಿಯನ್ನು ತಿದ್ದುವುದು ಹೇಗೆ ಎಂದು ವಾಕ್ಯ ಜೋಡಿಸುತ್ತಾ ನಿಂತೆ. ‘ಸಾರ್, ಅದು ಹಾಗಲ್ಲ’ ಎನ್ನುವುದೋ, ‘ಕ್ಷಮಿಸಿ ಸಾರ್’ ಎಂದು ಆರಂಭಿಸುವುದೋ? ಅಷ್ಟರಲ್ಲಿ ಚಿಕ್ಕಮ್ಮನಿಗೆ ಎಲ್ಲಿಂದಲೋ ಫೋನು ಬಂತು, ಓದದೆ ಸಹಿ ಹಾಕಿದರು, ನೀವು ಕೀಲಿ ತೆಗೆದುಕೊಂಡಿರಿ. ಕನ್ನಡ ವಿಭಾಗದಲ್ಲಿ ಎರಡು ವರ್ಷ ವಾಕ್ಯರಚನೆ ಓದಿದವಳಿಗೆ ಮೂರು ಪದದ ವಾಕ್ಯ ಸಮಯಕ್ಕೆ ಸಿಗಲಿಲ್ಲ. ನಿಮ್ಮ ತಪ್ಪಿನಲ್ಲಿ ನನ್ನದೂ ಪಾಲಿದೆ. ನನ್ನ ಪಾಲನ್ನು ಒಪ್ಪಿಕೊಂಡಿದ್ದೇನೆ. ನಿಮ್ಮದನ್ನು ಒಪ್ಪಿಸಲು ಈ ಪತ್ರ.

ಏಕೆಂದರೆ ತಪ್ಪು ಬರೆಯುವುದು ಅಪರಾಧವಲ್ಲ. ಮರುದಿನ ಚಿಕ್ಕಮ್ಮ ಕಚೇರಿಗೆ ಬಂದು, ಡಿಸ್ಕ್ ಎಂದರೆ ಚಕ್ರ, ಬ್ರೇಕ್ ಮುಟ್ಟಿಯೇ ಇಲ್ಲ, ಗಾಡಿ ಹಿಂದೆಯೇ ನಿಂತಿದೆ, ಬಂದು ನೋಡಿ ಎಂದು ಬೇಡಿಕೊಂಡರು. ಕುರ್ಚಿಯಿಂದ ಎದ್ದು ನಲವತ್ತು ಹೆಜ್ಜೆ ನಡೆದಿದ್ದರೆ ಕತೆ ಮುಗಿಯುತ್ತಿತ್ತು. ನೀವು ಹೇಳಿದಿರಿ: “ಬರ್ದಿದ್ದು ಬರ್ದಾಯ್ತು ಕಣ್ರೀ. ಹೇಳಿದ್ದೂ ನೀವೇ, ಸಹಿ ಹಾಕಿದ್ದೂ ನೀವೇ. ಬ್ರೇಕ್ ಸರಿ ಇದೆ ಅಂತ ಕಂಪ್ನಿ ಸರ್ವಿಸ್ ಸೆಂಟರಿಂದ ಸರ್ಟಿಫಿಕೇಟ್ ತನ್ನಿ, ಬಿಡ್ತೀನಿ.” ಸರ್ವಿಸ್ ಸೆಂಟರಿನವರು ಗಾಡಿ ತನ್ನಿ, ನೋಡಿ ಕೊಡುತ್ತೇವೆ ಎಂದರು. ಗಾಡಿ ನಿಮ್ಮಲ್ಲಿದೆ. ಸರ್ಟಿಫಿಕೇಟ್ ಇಲ್ಲದೆ ನೀವು ಗಾಡಿ ಬಿಡುವುದಿಲ್ಲ, ಗಾಡಿ ಇಲ್ಲದೆ ಅವರು ಸರ್ಟಿಫಿಕೇಟ್ ಕೊಡುವುದಿಲ್ಲ. ಚಿಕ್ಕಮ್ಮ ಹಟ ಹಿಡಿದು ಕೇಳಿದಾಗ ಅಲ್ಲಿನ ಮೇಲ್ವಿಚಾರಕಿ ಹೇಮಾಶ್ರೀ ವರದಿ ಓದಿ, ಮತ್ತೊಮ್ಮೆ ಓದಿ, ಕೇಳಿದರು: “ಮೇಡಂ, ಈ ಗಾಡಿಗೆ ಮುಂದೆ ಮಾತ್ರ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ಮು. ಇರೋದೇ ಎರಡು. ಮಿಕ್ಕಿದ್ ಮೂರಕ್ಕೆ ನಾನು ಎಲ್ಲಿಂದ ಸರ್ಟಿಫಿಕೇಟ್ ಕೊಡ್ಲಿ?”

ಎಂಜಿನಿಯರಿಂಗ್ ಓದಿದವರು ನೀವು, ನಾನಲ್ಲ. ಹಿಂದಿನ ಚಕ್ರಗಳಲ್ಲಿ ಇಲ್ಲದ ಡಿಸ್ಕ್ ಎರಡು, ಸ್ಟೆಪ್ನಿಯಲ್ಲಿ ಇರಲಾರದ ಡಿಸ್ಕ್ ಒಂದು. ಇವು ನಿಮ್ಮ ಕಾಗದದಲ್ಲಿ ಹುಟ್ಟಿದ್ದಾದರೂ ಹೇಗೆ? ಇನ್ನೂ ಸೊಗಸಾದ ಸಂಗತಿಯೆಂದರೆ, ನಿಜವಾಗಿ ಅಳತೆ ಬದಲಾದದ್ದು ಟೈರಿನದು. ನಿಮ್ಮ ಕಣ್ಣು ಮೊದಲು ಬಿದ್ದದ್ದೂ ಅದರ ಮೇಲೇ. ಅದರ ಅಳತೆಯನ್ನು ಕೈಪಿಡಿಯ ಜೊತೆ ತಾಳೆ ನೋಡಿ ಪ್ರಶ್ನಿಸಿದ್ದರೆ ನಾವು ಉತ್ತರ ಕೊಡುತ್ತಿದ್ದೆವು, ನಿಮ್ಮ ಕೆಲಸಕ್ಕೆ ಗೌರವವೂ ಇರುತ್ತಿತ್ತು. ಇಡೀ ವರದಿಯಲ್ಲಿ ಟೈರು ಎಂಬ ಪದವೇ ಇಲ್ಲ. ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಬರೆಯುವುದಕ್ಕೆ ನಮ್ಮ ವಿಭಾಗದಲ್ಲಿ ಕಲ್ಪನಾಶಕ್ತಿ ಎಂದು ಅಂಕ ಕೊಡುತ್ತಿದ್ದರು. ನಿಮ್ಮ ಇಲಾಖೆಯಲ್ಲೂ ಕೊಡುತ್ತಾರೆಂದು ತಿಳಿದಿರಲಿಲ್ಲ.

ಜೀಪು ನಿಮ್ಮ ವಶಕ್ಕೆ ಹೋದ ಹನ್ನೆರಡನೇ ದಿನ ಬೆಳಿಗ್ಗೆ ಏಳಕ್ಕೆ ಹನುಮಮ್ಮ ಫೋನು ಮಾಡಿದರು. ಅವರ ಮನೆ ನಮ್ಮೂರಿನಿಂದ ಆರು ಕಿಲೋಮೀಟರ್, ಕೊನೆಯ ಮೂರು ಕಿಲೋಮೀಟರ್ ಕೆರೆ ಏರಿಯ ಕೆಳಗಿನ ಕೆಸರು ಹಾದಿ. “ಡಾಕ್ಟ್ರವ್ವ, ಕರೂನ್ ಒಂದೇ ಕಾಲು ಕಾಣ್ತಾ ಐತೆ. ಹಸ ಒದ್ದಾಡ್ತಾ ಐತೆ. ಬಿರ್ನೆ ಬಾರವ್ವ.” ಆಟೋ ಸಂತೋಷ್ ನಮ್ಮನ್ನು ಕರೆದುಕೊಂಡು ಹೊರಟರು. ಹಿಂದಿನ ದಿನ ಮಳೆ ಬಿದ್ದಿತ್ತು. ಏರಿ ಇಳಿಯುತ್ತಲೇ ಆಟೋ ಹೂತಿತು. ಚಿಕ್ಕಮ್ಮ ಔಷಧದ ಪೆಟ್ಟಿಗೆ ಹೊತ್ತು, ನಾನು ಕರು ಎಳೆಯುವ ಹಗ್ಗ ಹಿಡಿದು, ಚಪ್ಪಲಿ ಕೈಯಲ್ಲಿಟ್ಟುಕೊಂಡು ನಡೆದೆವು. ಜೀಪಿನಲ್ಲಿ ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಚಿಕ್ಕಮ್ಮ ತೋಳಿನವರೆಗೆ ಕೈ ಹಾಕಿ ಮಡಚಿಕೊಂಡಿದ್ದ ಕಾಲನ್ನು ಬಿಡಿಸಿ ಕರುವನ್ನು ಹೊರತೆಗೆದರು. ಹೆಣ್ಣುಗರು, ಸತ್ತಿತ್ತು. ಹಸು ಎರಡು ಸಲ ಏಳಲು ನೋಡಿತು. ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು.

ಹನುಮಮ್ಮ ಅಳಲಿಲ್ಲ, ನಮ್ಮನ್ನು ಬೈಯಲೂ ಇಲ್ಲ. ಚಿಕ್ಕಮ್ಮನ ಕೈಗೆ ನೀರು ಹೊಯ್ಯುತ್ತಾ ಕೇಳಿದರು:

“ಜೀಪು ಎಲ್ಲವ್ವಾ?”

“ಆಫೀಸಿನೋರು ಇಟ್ಕೊಂಡಿದ್ದಾರೆ, ಹನುಮಮ್ಮ.”

“ಯಾಕೆ, ಅವರ ಮನೇಲೂ ಹಸ ಈಯ್ತಾ ಐತಾ?”

ಅವರು ವ್ಯಂಗ್ಯವಾಡಲಿಲ್ಲ. ಒಂದು ಜೀಪನ್ನು ಡಾಕ್ಟರಿಂದ ಇಸಿದುಕೊಂಡು ಇಟ್ಟುಕೊಳ್ಳಲು ಅದಕ್ಕಿಂತ ಕಡಿಮೆಯ ಕಾರಣ ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಚಿಕ್ಕಮ್ಮ ಕೈ ಒರೆಸಿಕೊಂಡರು. ಆ ದಿನದಿಂದ ಅವರು ದೂರದ ಕರೆಗಳಿಗೆ ‘ಬೇರೆಯವರನ್ನು ನೋಡ್ಕೊಳ್ಳಿ’ ಎನ್ನುತ್ತಾರೆ. ಬೇರೆಯವರು ಯಾರೂ ಇಲ್ಲವೆಂಬುದು ಕರೆ ಮಾಡಿದವರಿಗೂ ಗೊತ್ತು, ಚಿಕ್ಕಮ್ಮನಿಗೂ ಗೊತ್ತು.

ನಾನು ಮಾತ್ರ ಸುಮ್ಮನಿರಲಿಲ್ಲ. ಸಂಕೋಚದ ಸ್ವಭಾವದವರ ಕೋಪ ನಿಧಾನ, ಆದರೆ ಅದಕ್ಕೆ ಬೇರೆ ಕೆಲಸವಿರುವುದಿಲ್ಲ. ನಿಮ್ಮ ವರದಿಯ ಜೆರಾಕ್ಸ್ ಮಾಡಿಸಿ, ಐದು ಬ್ರೇಕ್ ಇರುವ ಆರನೇ ಸಾಲಿಗೆ ಕೆಂಪು ಗೆರೆ ಎಳೆದು, ಮೊದಲ ಪ್ರತಿಯನ್ನು ಮರಿಯಣ್ಣನಿಗೆ ಕೊಟ್ಟೆ. ಅವರು ಅದನ್ನು ಗಾಳಿ ಹೊಡೆಯುವ ಯಂತ್ರದ ಮೇಲೆ ಅಂಟಿಸಿದ್ದಾರೆ. ಈಗ ಅರಸೀಕೆರೆಯಲ್ಲಿ ಯಾರು ಗಾಳಿ ಹೊಡೆಸಲು ಬಂದರೂ “ಏನ್ಲಾ, ಸ್ಟೆಪ್ನಿ ಬ್ರೇಕ್ ಸರಿ ಐತಾ?” ಎಂದೇ ವಿಚಾರಣೆ. ಇನ್ನೊಂದು ಪ್ರತಿ ಸಂತೋಷ್ ಮೂಲಕ ಬೇಲೂರಿನ ಆಟೋ ನಿಲ್ದಾಣ ಸೇರಿದೆ. ಅಲ್ಲಿ ನಿಮ್ಮ ಹೆಸರನ್ನು ಯಾರೂ ಬಳಸುವುದಿಲ್ಲ. ನಾನೂ ಇಲ್ಲಿ ಬಳಸಿಲ್ಲ. ‘ಐದು ಬ್ರೇಕ್ ಸಾಹೇಬರು’ ಎಂದರೆ ಸಾಕು, ಯಾವ ಊರಿನವರಿಗೂ ವಿಳಾಸ ತಿಳಿಯುತ್ತದೆ. ಮೊನ್ನೆ ಹಳೇಬೀಡಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಪರಿಚಿತ ಹೆಂಗಸೊಬ್ಬರು ಈ ಕತೆಯನ್ನು ನನಗೇ ಹೇಳಿದರು. ಅವರ ಲೆಕ್ಕದಲ್ಲಿ ಬ್ರೇಕುಗಳು ಏಳಾಗಿದ್ದವು. ನಾನು ತಿದ್ದಲಿಲ್ಲ. ಬರೆದವರೇ ತಿದ್ದದಿರುವಾಗ ನಾನೇಕೆ ತಿದ್ದಲಿ? ಆ ದಿನ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆದರೆ ನಗೆಯಿಂದ ಜೀಪು ಬರುವುದಿಲ್ಲ. ಆದ್ದರಿಂದ ಕೇಳಿ. ನಮಗೆ ನಿಮ್ಮ ಕ್ಷಮಾಪಣೆ ಬೇಡ. ಅದನ್ನು ನೀವು ಫೋನಿನಲ್ಲಿ ಮಾತಾಡುತ್ತಲೇ ಹೇಳಿ ಮುಗಿಸುತ್ತೀರಿ. ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಕಚೇರಿಯ ಹಿಂದಿನ ಬಯಲಿಗೆ ಚಿಕ್ಕಮ್ಮ, ನಾನು, ಹನುಮಮ್ಮ ಬರುತ್ತೇವೆ. ಮರಿಯಣ್ಣ ಜಾಕಿ, ಸ್ಪ್ಯಾನರು ತರುತ್ತಾರೆ. ಆಟೋ ನಿಲ್ದಾಣದವರನ್ನು ನಾನು ಕರೆದಿಲ್ಲ, ಬರಬೇಡಿ ಎಂದೂ ಹೇಳಿಲ್ಲ. ನಿಮ್ಮ ಕಣ್ಣೆದುರು ಜೀಪನ್ನು ಎತ್ತಿ, ಐದೂ ಚಕ್ರ ಬಿಚ್ಚಿ ಸಾಲಾಗಿ ಇಡುತ್ತೇವೆ. ನೀವು ಬದಲಾದ ಐದು ಬ್ರೇಕ್ ಡಿಸ್ಕ್‌ಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಬೇಕು. ತೋರಿಸಿದರೆ ಜೀಪನ್ನು ಗುಜರಿಗೆ ಹಾಕಿ, ನಾವು ಒಂದು ಮಾತೂ ಆಡುವುದಿಲ್ಲ. ತೋರಿಸಲಾಗದಿದ್ದರೆ ವರದಿಯ ಆರನೇ ಸಾಲನ್ನು ನಿಂತು ಗಟ್ಟಿಯಾಗಿ ಓದಿ, ನಿಮ್ಮ ಕೈಯಿಂದಲೇ ಹೊಡೆದುಹಾಕಿ, ಪಕ್ಕದಲ್ಲಿ ಪೂರ್ತಿ ಸಹಿ ಹಾಕಿ, ಕೀಲಿಯನ್ನು ಚಿಕ್ಕಮ್ಮನ ಕೈಗೆ ಕೊಡಬೇಕು. ಮೇಜಿನ ಮೇಲಿಟ್ಟು ತಳ್ಳಬಾರದು, ಕೈಗೆ ಕೊಡಬೇಕು.

ಸೋಮವಾರ ನೀವು ರಜೆ ಹಾಕಿದರೆ ಮಂಗಳವಾರ ಬರುತ್ತೇವೆ. ಮಂಗಳವಾರ ತಪಾಸಣೆಗೆ ಹೋಗಿದ್ದರೆ ಬುಧವಾರ. ನಿಮಗೆ ಬೇರೆ ಊರಿಗೆ ವರ್ಗವಾದರೆ ಆ ಊರಿಗೂ ಬಸ್ಸಿದೆ. ನನಗಿನ್ನೂ ಕೆಲಸ ಸಿಕ್ಕಿಲ್ಲ. ನನ್ನ ಹತ್ತಿರ ಬೇಕಾದಷ್ಟು ದಿನಗಳಿವೆ.

ಇಂತಿ,
ಕನ್ನಡ ಎಂ.ಎ. ಪದವಿಯನ್ನು ಮೊಟ್ಟಮೊದಲಿಗೆ, ಅದೂ ತಡವಾಗಿ, ಉಪಯೋಗಿಸಿದ
ಶ್ರಾವ್ಯ ಪುಷ್ಪರಾಜ್
ಮಾದಿಹಳ್ಳಿ