ಸ್ಪ್ಯಾನರ್ ಎರಡೂ ನನ್ನ ಚೀಲದಲ್ಲಿವೆ

ನಸೀಮಾ,

ನೀನು ನಲ್ಲಿಯಿಂದ ನೀರು ತರೋವರೆಗೆ ಕಾದ್ರೆ ಭದ್ರಾವತೀಲೇ ನನ್ನ ರೈಲು ತಪ್ಪುತ್ತೆ. ಶಿವಮೊಗ್ಗಕ್ಕೆ ಹೊರಟೆ.

ಇಸ್ಹಾಕ್ ಭಾಯಿ ಗ್ಯಾರೇಜಿಗೆ ಹೊರಡುವಾಗ ಸ್ಪ್ಯಾನರ್ ಎಲ್ಲಿ ಅಂತ ಕೂಗಾಡಿದ್ರೆ, ಚಿಕ್ಕದು ದೊಡ್ಡದು ಎರಡೂ ಅಕ್ಕ ತಗೊಂಡು ಹೋಗಿದಾಳೆ ಅನ್ನು. ಇವತ್ತಿನ ಪಾಠದಲ್ಲಿ 'ಬಿಗ್', 'ಸ್ಮಾಲ್' ಅಂತ ಮಕ್ಕಳಿಗೆ ತೋರಿಸೋಕೆ ಬೇಕು.

ಅಮ್ಮಿಯ ಕಷಾಯ ಒಲೆ ಪಕ್ಕ ಮುಚ್ಚಿಟ್ಟಿದೀನಿ. ನಿನ್ನೆ ಥರ ಮರೀಬೇಡ. ನನ್ನ ನೀಲಿ ಸೀರೆಗೆ ಅರಿಶಿನದ ಕಲೆ ಮಾಡಿದೀಯ. ಸೆರಗಲ್ಲಿ ಮುಚ್ಕೊಂಡು ಹೋಗ್ತಿದೀನಿ. ಅದರ ವಿಚಾರ ಸಂಜೆ ಬಂದು ಕೇಳ್ತೀನಿ.

ಇವತ್ತು ಟೀಚರ್ ಟ್ರೈನಿಂಗಿನ ಕೊನೇ ಪಾಠ. ಇನ್‌ಸ್ಪೆಕ್ಟರು ಹಿಂದಿನ ಬೆಂಚಲ್ಲಿ ಬಂದು ಕೂರ್ತಾರೆ. ನಲವತ್ತು ನಿಮಿಷ ಬರೀ ಇಂಗ್ಲಿಷಲ್ಲೇ ಕಲಿಸಬೇಕು, ಕನ್ನಡದ ಒಂದು ಮಾತು ಬಾಯಿಂದ ಬಂದ್ರೂ ಫೇಲು.

ಹೋದ ಸಲ ಯಾಕೆ ಫೇಲಾದೆ ಅಂತ ಮನೇಲಿ ಯಾರಿಗೂ ಹೇಳಿಲ್ಲ. ಪಾಠದ ಮಧ್ಯೆ ಐದನೇ ಕ್ಲಾಸಿನ ಒಂದು ಹುಡುಗಿ ಬೆಂಚಿಂದ ಬಿದ್ದು ತುಟಿ ಒಡ್ಕೊಂಡ್ಲು. 'ಅಯ್ಯೋ ಕಂದಾ, ನೋವಾಯ್ತಾ' ಅಂತ ಓಡಿಹೋಗಿ ಎತ್ಕೊಂಡೆ. ಅಷ್ಟೇ ನಾನು ಮಾಡಿದ ತಪ್ಪು.

ಅಮ್ಮಿಗೆ ಹೇಳು, ನಾನು ಪಾಸಾಗಲಿ ಅಂತ ದುವಾ ಮಾಡೋದು ಬೇಡ. ಇವತ್ತು ಯಾವ ಮಗುವೂ ಬೀಳದಿರಲಿ ಅಂತ ಕೇಳ್ಕೊಳ್ಳಲಿ. ಬಿದ್ರೆ ಈ ಸಲ ನಾನು ನಿಂತಲ್ಲೇ ಸುಮ್ಮನೆ ನಿಂತುಬಿಡ್ತೀನೇನೋ ಅಂತ ಭಯ ಆಗ್ತಿದೆ.

ಜಹಾನಾರಾ