ಬೆನ್ನಿನ ಸೂಜಿ

ಅವ್ವಾ,

ಇವತ್ತು ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಈಸೂರಿನ ಉಚ್ಚಂಗಪ್ಪ ಸಿಕ್ಕಿದ್ದರು. ನಿನಗೆ ಬಂದಿದ್ದ ರಕ್ತದ ಕ್ಯಾನ್ಸರೇ ಅವರಿಗೂ. ನಿನಗೆ ಹೇಳಿದ್ದ ಬೆನ್ನಿನ ಸೂಜಿಯನ್ನು ಅವರು ನಾಲ್ಕು ಸಲ ಹಾಕಿಸಿಕೊಂಡಿದ್ದಾರಂತೆ.

ನಾನು ನಂಬಲಿಲ್ಲ. ಅಂಗಿ ಎತ್ತಿ ಬೆನ್ನು ತೋರಿಸ್ರಿ ಅಂದೆ. ಆಮೇಲೆ ಸ್ವಲ್ಪ ನಡೀರಿ ಅಂದೆ.

"ಏನಲೇ, ಎತ್ತು ತಗಳಾಕೆ ಬಂದೀಯೇನು? ಹಲ್ಲೂ ನೋಡ್ಕ" ಅಂತ ನಕ್ಕರು. ಆದರೂ ನಡೆದು ತೋರಿಸಿದರು. ಕಾಲು ಎಳೆಯುತ್ತಿರಲಿಲ್ಲ.

ಕೈಗೆ ಏರಿಸಿದ ಔಷಧಿಯನ್ನು ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದಕ್ಕೇ ಬೆನ್ನಿನ ನೀರಿಗೆ ಸೇರಿಸಬೇಕು ಅಂತ ಡಾಕ್ಟರಮ್ಮ ಹೇಳಿದಾಗ ನಾನು ವಾದಕ್ಕೆ ನಿಂತಿದ್ದೆ. ರಕ್ತ ತಲೆಗೆ ಹೋಗುತ್ತದೆ, ರಕ್ತದಲ್ಲಿರುವ ಔಷಧಿ ಹೋಗುವುದಿಲ್ಲವೇ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟರೂ ಅಷ್ಟು ಗೊತ್ತಿದೆ ಅಂದಿದ್ದೆ. ಬೆನ್ನಿಗೆ ಚುಚ್ಚಿದರೆ ಕಾಲು ಹೋಗುತ್ತದೆ ಅಂತ ನಿನ್ನನ್ನೂ ಹೆದರಿಸಿದ್ದೆ. ದೀಪಾವಳಿಯ ಹೊತ್ತಿಗೆ ರೋಗ ತಲೆಗೆ ಏರಿತು. ನೀನು ನನ್ನನ್ನೇ ಯಾರು ಅಂತ ಕೇಳಿದೆ.

ಉಚ್ಚಂಗಪ್ಪನವರಿಗೆ ಹಾಕಿದ್ದು ಬರೀ ನೀರಿರಬಹುದು ಅಂತ ಈಗಲೂ ನನಗೆ ಅನುಮಾನ. ಹಾಗೇ ಆಗಿರಲಿ ಅನ್ನುವ ಆಸೆಯೂ ಇದೆ.

ಅವತ್ತು ಆಸ್ಪತ್ರೆಯಲ್ಲಿ ನೀನು ಆ ಸೂಜಿಯ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಲು ಪೆನ್ನು ಕೇಳಿದ್ದೆ. ನಾನು ಇಲ್ಲ ಅಂದೆ. ನನ್ನ ಜೇಬಿನಲ್ಲೇ ಇತ್ತು.