ಸರದಾರನ ಕೂದಲು

ಮಾವಾರ,

ನಿಮ್ಮ ಸಣ್ಣ ಸೊಸೆ ಗಿರಿಜಾ ಬರೆಯುತ್ತಿದ್ದೇನೆ, ಶ್ರೀರಾಮನಗರದಿಂದ. ಹೌದು, ಕಡೆಗೂ ಇಲ್ಲಿಗೆ ಬಂದೆ. ನೀವಿರುವಾಗ ಬಂದು ನೆಲೆಸಲಾಗಲಿಲ್ಲ, ನೀವು ತೀರಿಕೊಂಡು ದಿನಕರ್ಮಗಳೆಲ್ಲ ಮುಗಿದ ಮೇಲೆ ಬಂದೆ. ಈ ಮಾತಿನಲ್ಲಿ ಸಿಟ್ಟಿದೆ ಅಂತ ನಿಮಗನ್ನಿಸಿದರೆ, ಇದೆ. ನಿಮ್ಮ ಮಗ ಅಕ್ಕಿ ಮಿಲ್ಲಿಗೆ ಹೋಗಿದ್ದಾರೆ. ಗಾಳಿಗೆ ಭತ್ತದ ಹೊಟ್ಟು ಒಳಗೆ ಬರುತ್ತದೆಂದು ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದೇನೆ. ನಿಮಗೊಂದು ಸುದ್ದಿ ಹೇಳಬೇಕು. ಅದಕ್ಕೆ ಮೊದಲು ಹಳೆಯದನ್ನೂ ಹೇಳಿಬಿಡುತ್ತೇನೆ. ನೀವಿದ್ದಾಗ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲವಲ್ಲ.

ಲಗ್ನವಾಗಿ ಇರಕಲ್ಲಗಡಕ್ಕೆ ಬಂದ ದಿನ ಹೊಸ್ತಿಲಲ್ಲಿ ನನ್ನನ್ನು ಮೊದಲು ನೋಡಿದ್ದು ನಿಮ್ಮ ನಾಯಿ ಸರದಾರ. ಗಂಡಾಳಿನ ಸೊಂಟದ ಎತ್ತರ, ಮೈತುಂಬ ಬೆಲ್ಲದ ಬಣ್ಣದ ಉದ್ದ ಕೂದಲು. ತಾಯಿ ಮುಧೋಳದ ಕಡೆಯ ಬೇಟೆನಾಯಿ, ತಂದೆ ಯಾವ ಕುರಿಹಟ್ಟಿಯದೋ ದೇವರಿಗೇ ಗೊತ್ತು ಅನ್ನುತ್ತಿದ್ದಿರಿ. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ನೀವು ತೋರಿಸುತ್ತಿದ್ದದ್ದು ಅದರ ಕೂದಲು. ತೋರಿಸುವುದಷ್ಟೇ, ಮುಟ್ಟುವಂತಿರಲಿಲ್ಲ. ಯಾರಾದರೂ ಬೆನ್ನ ಮೇಲೆ ಕೈ ಇಟ್ಟರೆ ಅದರ ಚರ್ಮ ಅದುರುತ್ತಿತ್ತು, ಮರುಗಳಿಗೆಯಲ್ಲಿ ಅವರ ಮಣಿಕಟ್ಟು ಅದರ ಬಾಯಲ್ಲಿ ಇರುತ್ತಿತ್ತು. ನಿಮ್ಮ ದೊಡ್ಡ ಸೊಸೆ ಶಾಂತಕ್ಕನ ಕೈಮೇಲೆ, ಭಾವನವರ ತೊಡೆಮೇಲೆ ಹಲ್ಲಿನ ಗುರುತುಗಳಿದ್ದವು. ನಿಮ್ಮೊಬ್ಬರಿಗೆ ಮಾತ್ರ ಅದು ಮೈ ಒಡ್ಡುತ್ತಿತ್ತು.

ಲಕ್ವಾ ಹೊಡೆದು ನಿಮ್ಮ ಬಲಗೈ ಬಿದ್ದುಹೋದ ಮೇಲಿನ ಒಂದು ಬೆಳಗ್ಗೆ ನೆನಪಿದೆ. ಪಡಸಾಲೆಯ ಕಂಬಕ್ಕೆ ಒರಗಿ ಎಡಗೈಯಲ್ಲಿ ಅದರ ಕೂದಲು ಬಾಚುವ ಹಣಿಗೆ ಹಿಡಿದು ಕೂತಿದ್ದಿರಿ. ಎಡಗೈ ನಡುಗುತ್ತಿತ್ತು, ಸರದಾರ ಹಲ್ಲು ಕಿಸಿದು ದೂರ ಸರಿಯುತ್ತಿತ್ತು. ನಾನು ನೀರು ಹೊತ್ತು ಒಳಗೆ ಹೋಗುತ್ತಿದ್ದೆ.

"ಗಿರಿಜಾ, ಕೊಡ ಇಳಿಸಿ ಬಾ. ಕುಂದ್ರಿಲ್ಲಿ," ಅಂದಿರಿ.

ಮಾವನೆದುರು ಸೊಸೆ ಕೂರುವುದುಂಟೇ? ಸೆರಗು ಎಳೆದುಕೊಂಡು, "ನಿಂತಿರ್ತೀನ್ರಿ," ಅಂದೆ.

"ನಾಯಿಗೆ ನಮ್ಮ ರೀತಿ ರಿವಾಜು ತಿಳಿಯಂಗಿಲ್ಲ. ನಿಂತವ್ರು ಮ್ಯಾಲಿಂದ ಬಗ್ಗಿ ಮುಟ್ಟಿದ್ರ ಕಚ್ಚತೈತಿ. ಕುಂದ್ರವಾ."

ಕೂತೆ. ಆ ಕಡೆ ನೀವು, ಈ ಕಡೆ ನಾನು, ನಡುವೆ ನಾಯಿ. ಒಳಗಿನಿಂದ ಇಣುಕಿದ ಶಾಂತಕ್ಕ ನನ್ನನ್ನು ನೋಡುತ್ತ ನಿಂತು ಹಂಚಿನ ಮೇಲಿನ ರೊಟ್ಟಿ ಸೀಯಿಸಿಬಿಟ್ಟಳು.

ಅಂಗೈ ಅಲ್ಲ, ಮುಂಗೈ ತೋರಿಸು ಅಂತ ಮೊದಲು ಕಲಿಸಿದಿರಿ. ಆಮೇಲೆ ಎದೆ, ಆಮೇಲೆ ಕತ್ತು, ಬೆನ್ನು ಕಟ್ಟಕಡೆಗೆ. ಉತ್ರಾಣಿ ಕಾಳು ಅಂಟಿದ್ದರೆ ಎಳೆಯಬಾರದು, ಬೇವಿನೆಣ್ಣೆ ಸವರಿ ಬೆರಳಲ್ಲೇ ಬಿಡಿಸಬೇಕು. ಉಣ್ಣಿ ಕಿತ್ತರೆ ಕರಟದಲ್ಲಿಟ್ಟ ಚಿಮಣಿ ಎಣ್ಣೆಗೆ ಹಾಕಬೇಕು. ಒಂದು ದಿನ ಬಾಚುವುದು ಮುಗಿಯುವ ಮೊದಲೇ ಅದು ಎದ್ದು ಹೊರಟಿತು, ನಾನು ಕತ್ತಿನ ಕೂದಲು ಹಿಡಿದೆ. ನೀವು ಗದರಿದಿರಿ.

"ಹಿಡೀಬ್ಯಾಡ. ಹಿಡಿದ್ರ ಯಾವ ಜೀವಾನೂ ಕಚ್ಚತೈತಿ. ಬಿಟ್ಟು ಕುಂತಿ ಅಂದ್ರ ತಾನ ಬರತೈತಿ."

ಬಿಟ್ಟೆ. ಅದು ಅಂಗಳ ಸುತ್ತಿ ಬಂದು ನನ್ನ ಮೊಣಕಾಲಿಗೆ ಒರಗಿ ನಿಂತಿತು. ಅವತ್ತು ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಅವತ್ತೇ ಒಂದು ಸಲ ಸರಿಯಾಗಿ ಕಚ್ಚಿಸಿಕೊಂಡಿದ್ದರೆ ಬಿಡುಗಡೆಯಾಗುತ್ತಿತ್ತು ಅಂತ ಆಮೇಲೆ ಎಷ್ಟು ಸಲ ಅಂದುಕೊಂಡೆನೋ.

ನಿಮ್ಮ ಮಗ ಮಿಲ್ಲಿನ ಹತ್ತಿರ ಕೋಣೆ ಹಿಡಿದು ನನ್ನನ್ನು ಕರೆದೊಯ್ಯಲು ಬಂದ ಸಂಜೆ ನಾನು ಟ್ರಂಕಿಗೆ ಸೀರೆ ತುಂಬಿ ಕೂತಿದ್ದೆ. ನೀವು ಬಸಿಯಲ್ಲಿ ಸುರಿದುಕೊಂಡ ಚಹಾ ಮುಗಿಸಿ, "ಈ ಸುಗ್ಗಿ ಕಳೀಲಿ," ಅಂದಿರಿ. "ಸರದಾರ ಹೊಲದಾಗ ಅಡ್ಡಾಡಿ ಮೈತುಂಬ ಮುಳ್ಳು ತರತೈತಿ. ಆಕಿ ಹೋದ್ರ ಯಾರು ಮುಟ್ಟಾವ್ರು?" ಸುಗ್ಗಿ ಕಳೆಯಿತು. ಆಮೇಲೆ ಬೇಸಿಗೆ, ಕೂದಲು ಉದುರುವ ಕಾಲ. ಆಮೇಲೆ ಮಳೆ, ಉಣ್ಣಿಯ ಕಾಲ. ನಾಯಿಯ ಮೈಗೆ ಬಿಡುವಿರುವ ಕಾಲ ಯಾವುದು, ನೀವೇ ಹೇಳಿ? ರೊಟ್ಟಿ ಬಡಿಯಲು ಶಾಂತಕ್ಕ ಇದ್ದಳು, ಹೊಲಕ್ಕೆ ಭಾವ ಇದ್ದರು. ಆ ಮನೆಗೆ ನಾನು ಬೇಕಾಗಿದ್ದು ಅದೊಂದಕ್ಕೇ. ತವರಿಗೆ ಹೋದರೂ ಮಾರನೆಯ ದಿನವೇ ವಾಪಸು ಬಸ್ಸು ಹತ್ತಬೇಕು. "ಸರದಾರನ ಹೇಣ್ತಿ ಬಂದ್ಲು," ಅಂತ ಶಾಂತಕ್ಕ ನಗುತ್ತಿದ್ದಳು. ಮೊದಮೊದಲು ನಾನೂ ನಕ್ಕೆ.

"ನನ್ನ ಲಗ್ನಾ ನಿಮ್ಮ ಕೂಡ ಆಗೇತೋ, ನಾಯಿ ಕೂಡ ಆಗೇತೋ?" ಅಂತ ಒಂದು ಸಲ ನಿಮ್ಮ ಮಗನನ್ನು ಕೇಳಿಯೇಬಿಟ್ಟೆ. "ಅಪ್ಪನ ಮುಂದ ನಾ ಹೆಂಗ ಮಾತಾಡ್ಲಿ?" ಅಂದು ಅವರು ಬೀಡಿ ಹಚ್ಚಿಕೊಂಡರು. ಅವರದೂ ಅಷ್ಟೇ ಪಾಡು. ಹದಿನೈದು ದಿನಕ್ಕೊಮ್ಮೆ ಬಂದು ಹೆಂಡತಿಯನ್ನು ನೋಡಿ ಹೋಗುವ ಗಂಡ, ಮಿಲ್ಲಿನಲ್ಲಿ ಹಮಾಲರೆಲ್ಲ ಚೇಷ್ಟೆ ಮಾಡುತ್ತಿದ್ದರಂತೆ.

ಒಂದೇ ಒಂದು ಸಲ ನನ್ನನ್ನು ಕಳಿಸಿದಿರಿ. ಇಲ್ಲಿಗೆ ಬಂದು ಒಲೆ ಹೂಡಿ, ಗೋಡೆಗೆ ಸುಣ್ಣ ಬಳಿದು, ಇನ್ನು ಇದು ನನ್ನ ಮನೆ ಅಂದುಕೊಳ್ಳುವಷ್ಟರಲ್ಲಿ ಭಾವ ಬಂದು ಬಾಗಿಲಲ್ಲಿ ನಿಂತರು. ಸರದಾರನ ಕಿವಿಯ ಹಿಂದೆ ಗಾಯವಾಗಿ ಹುಳ ಬಿದ್ದಿದ್ದವು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ನಾನು ಹೋಗಿ ಕೂತದ್ದೇ ತಡ, ಅದು ತಲೆ ತಂದು ನನ್ನ ತೊಡೆಯ ಮೇಲೆ ಇಟ್ಟಿತು. ಹುಳ ಆರಿಸುತ್ತ ಆರಿಸುತ್ತ ಅತ್ತೆ. "ಗಾಯ ಮಾಯತೈತಿ, ಅಳಬ್ಯಾಡವಾ," ಅಂದಿರಿ ನೀವು. ನಾನು ಅತ್ತದ್ದು ನನಗಾಗಿ, ಮಾವಾರ. ಆ ಭಾರದ ತಲೆ ತೊಡೆಯ ಮೇಲಿದ್ದಾಗ ಏಳಲೂ ಆಗುತ್ತಿರಲಿಲ್ಲ, ಕೂರಲೂ ಆಗುತ್ತಿರಲಿಲ್ಲ.

ಸುಳ್ಳು ಹೇಳಬಾರದು. ನಿಜಾಮರ ಕಾಲದ ಉರ್ದು ಸಾಲಿಯಲ್ಲಿ ನೀವು ಬೆತ್ತದ ಏಟು ತಿಂದದ್ದನ್ನು ನಾಯಿಯ ಆ ಬದಿಯಿಂದ ನೀವು ಹೇಳುತ್ತಿದ್ದರೆ ನಾನು ಹಣಿಗೆ ನಿಲ್ಲಿಸಿ ಕೇಳುತ್ತಿದ್ದೆ. ಹೊಲಕ್ಕೆ ಏನು ಬಿತ್ತೋಣ, ಎಮ್ಮೆ ಮಾರೋಣವೇ ಬೇಡವೇ, "ನಿನಗೇನು ಅನಸ್ತೈತಿ?" ಅಂತ ನನ್ನನ್ನು ಕೇಳಿದವರು ಆ ಮನೆಯಲ್ಲಿ ನೀವೊಬ್ಬರೇ. ಎಲ್ಲವನ್ನೂ ಕೇಳಿದಿರಿ. ನಿನಗೆ ಗಂಡನ ಹತ್ತಿರ ಹೋಗಬೇಕು ಅನ್ನಿಸುತ್ತದೆಯೇ ಅಂತ ಮಾತ್ರ... ಹಿಡಿದರೆ ಯಾವ ಜೀವವೂ ಕಚ್ಚುತ್ತದೆ ಅಂದವರು ನೀವೇ ಅಲ್ಲವೇ? ನಾಯಿಯ ವಿಷಯದಲ್ಲಿ ಅಷ್ಟು ತಿಳಿದವರಿಗೆ ಸೊಸೆಯ ವಿಷಯದಲ್ಲಿ ಯಾಕೆ ತಿಳಿಯಲಿಲ್ಲ?

ನಮ್ಮ ಕುರಿಗಳ ಕೂದಲು ಕತ್ತರಿಸಲು ಬಂದಿದ್ದ ಬೀರಪ್ಪ ಒಮ್ಮೆ, "ಯಜಮಾನ್ರ, ಇದಕ್ಕೂ ಒಂದ್ಸಲ ಕತ್ತರಿ ಆಡಿಸಿಬಿಡ್ಲೇನ್ರಿ? ಸೊಸಿಗೆ ಆರಾಮ ಆಗತೈತಿ," ಅಂದ. "ಮೊದಲ ನನ್ನ ಮೀಸಿಗೆ ಆಡಿಸು, ಆಮ್ಯಾಲೆ ಅದಕ್ಕ," ಅಂದಿರಿ ನೀವು. ಅಲ್ಲಿದ್ದವರೆಲ್ಲ ನಕ್ಕರು. ಬಾಗಿಲ ಹಿಂದೆ ನಿಂತ ನನಗೆ ನಗು ಬರಲಿಲ್ಲ.

ನೀವು ಹೋದ ಮೇಲೆ ಸೂತಕದ ಗದ್ದಲದಲ್ಲಿ ಅದರ ಮೈಗೆ ಹಣಿಗೆ ತಾಗಿಸಿದವರಿಲ್ಲ. ನಿಮ್ಮ ಹೊರಸಿನ ಕೆಳಗೆ ಬಿದ್ದುಕೊಂಡಿರುತ್ತಿತ್ತು, ಕೂದಲೆಲ್ಲ ಗಂಟು. ಎಲ್ಲ ಮುಗಿದ ಮೇಲೆ ನಿಮ್ಮ ಮಗ, "ಇನ್ನರ ಹೋಗೂಣು ನಡಿ," ಅಂದರು. ಹೋಗುವುದು ಹೇಗೆ? ನಾಯಿಯನ್ನು ಹುಳಕ್ಕೆ ಬಿಟ್ಟು ಹೋಗಲೇ? ಇನ್ನೂ ಒಂದು ಸುಗ್ಗಿ ಕಳೆಯಲಿ ಅಂತ ಈ ಸಲ ನಾನೇ ಅನ್ನಲೇ? ಬಾಯಿಗೆ ಆ ಮಾತು ಬಂದೂ ಬಿಟ್ಟಿತ್ತು. ನುಂಗಿಕೊಂಡೆ. ಬೀರಪ್ಪನ ಹಟ್ಟಿಗೆ ಹೋಗಿ ಕುರಿ ಕತ್ತರಿ ಇಸಿದುಕೊಂಡು ಬಂದು ಅಂಗಳದಲ್ಲಿ ಕೂತೆ. ಭಾವ ಹಗ್ಗ ತಂದರು, ಬೇಡ ಅಂದೆ. ಎದೆಯಿಂದ ಶುರು ಮಾಡಿದೆ. ಅದು ನಡುಗಿತು, ಎರಡು ಸಲ ಎದ್ದು ಹೋಯಿತು, ತಾನೇ ಬಂತು.

ಬೆನ್ನಿಗೆ ಬಂದಾಗ ಕತ್ತರಿ ಮುಂದೆ ಹೋಗಲೇ ಇಲ್ಲ. ಮೇಲಿನ ಕೂದಲು ಸರಿಸಿ ನೋಡಿದೆ. ನಾನು ದಿನಾ ಬಾಚಿ ಹೊಳಪು ಮಾಡಿದ್ದು ಮೇಲಿನದನ್ನು ಮಾತ್ರ. ಅದರ ಕೆಳಗೆ, ಚರ್ಮಕ್ಕೆ ಅಂಟಿ, ಇನ್ನೊಂದು ಕೂದಲು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಇವತ್ತಿನದಲ್ಲ, ವರ್ಷಗಳದ್ದು. ಎಲ್ಲಿ ಕೈ ಇಟ್ಟರೂ ಅದು ಚರ್ಮವನ್ನು ಜಗ್ಗುತ್ತಿತ್ತು. ಕೆಳಗೆಲ್ಲ ಕೆಂಪಗಾಗಿತ್ತು. ಮುಟ್ಟಿದರೆ ನೋಯುತ್ತಿತ್ತು, ಮಾವಾರ. ಅದರ ಸ್ವಭಾವ ಅಂತ ನಾವೆಲ್ಲ ಅಂದುಕೊಂಡದ್ದು ಬರೀ ನೋವು. ನಿಮ್ಮ ಕೈ, ನನ್ನ ಕೈ ಸ್ವಲ್ಪ ಹಗುರ ಇದ್ದವು, ಅಷ್ಟೇ. ಒಂದೊಂದೇ ಎಳೆ ಬಿಡಿಸಿ ಕತ್ತರಿಸಿದೆ.

ಬಿಸಿಲೇರುವ ಹೊತ್ತಿಗೆ ಮುಗಿಯಿತು. ನಿಮ್ಮ ಸರದಾರ ಅರ್ಧಕ್ಕರ್ಧ ಇಳಿದುಹೋಗಿ ಪಕ್ಕೆಲುಬು ಕಾಣುತ್ತ ನಿಂತಿತ್ತು. ನಗಲೆಂದೇ ಬಂದ ಶಾಂತಕ್ಕ, "ಅಯ್ಯ ನನ ಶಿವನ, ಮೈ ತೊಳದ ಆಕಳ ಕರಾ ಕಂಡಂಗ ಕಾಣತೈತಲ್ಲ," ಅನ್ನುತ್ತ ಮೈಮರೆತು ಅದರ ಬೆನ್ನ ಮೇಲೆ ಕೈ ಇಟ್ಟುಬಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಅವಳು ನೆನಪಾಗಿ ಗಾಬರಿಯಿಂದ ಕೈ ಎಳೆದುಕೊಂಡರೆ, ಅದೇ ಅವಳ ಕಡೆ ಸರಿದು ಬೆನ್ನು ಕೊಟ್ಟಿತು.

ನಿಮಗೆ ಹೇಳಬೇಕಾಗಿದ್ದ ಸುದ್ದಿ ಇದೇ. ಒಂದು ಬೆಳಗಿನ ಕೆಲಸ. ನಾಲ್ಕು ವರ್ಷ ನನ್ನನ್ನು ಆ ಮನೆಯಲ್ಲಿ ಹಿಡಿದಿಟ್ಟದ್ದು ಒಂದು ಬೆಳಗಿನ ಕೆಲಸ. ನಿಮಗೆ ಗೊತ್ತಿತ್ತೇ? ಗೊತ್ತಿರಲಿಕ್ಕಿಲ್ಲ. ನೋವು ಅಂತ ಗೊತ್ತಿದ್ದರೆ ನೀವು ಆ ಮೂಕಜೀವಕ್ಕೆ ಹಾಗೆ ಮಾಡುತ್ತಿರಲಿಲ್ಲ. ಆದರೆ ಬೀರಪ್ಪ ಹೇಳಿದಾಗ ಒಂದು ಗಳಿಗೆ ಯೋಚನೆ ಮಾಡಿದ್ದರೂ... ಅಥವಾ ನಾಯಿಗೆ ನಾನು ಬೇಡವಾದರೆ ಬೆಳಗ್ಗೆ ನಿಮ್ಮ ಹತ್ತಿರ ಕೂರುವವರು ಯಾರು ಅಂತ ಯೋಚನೆ ಮಾಡಿದಿರೋ? ಅದೇ ಆಗಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ? ನಾನೇನು ಕೂರುವುದಿಲ್ಲ ಅನ್ನುತ್ತಿದ್ದೆನೇ?

ಸರದಾರ ಚೆನ್ನಾಗಿದೆಯಂತೆ. ಕಿವಿ ಮುಟ್ಟಿದರೆ ಇನ್ನೂ ಗುರುಗುಟ್ಟುತ್ತದಂತೆ, ಉಳಿದ ಮೈಯನ್ನು ಶಾಂತಕ್ಕ ತಾನೇ ತೊಳೆಯುತ್ತಾಳಂತೆ. ನಿಮ್ಮ ವರ್ಷಾಂತಕ್ಕೆ ನಾವಿಬ್ಬರೂ ಬರುತ್ತೇವೆ. ಎರಡು ದಿನ ಇರುತ್ತೇನೆ, ಮೂರನೆಯ ದಿನ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಹೋಗಲೇನು ಅಂತ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಬೇಡ ಅನ್ನಲು ನೀವೂ ಇರುವುದಿಲ್ಲ. ಅದು ಮಾತ್ರ ನನಗೆ ಇನ್ನೂ ರೂಢಿಯಾಗಿಲ್ಲ.

ನಿಮ್ಮ ಸೊಸೆ,
ಗಿರಿಜಾ